ಹತ್ತಿರದ ಕಣ್ಣು, ದೂರದ ಕಣ್ಣು

ನಮ್ಮ ಮನೆಗೆ ಬಂದ ಕ್ಯಾಮೆರಾ ರಾಗಿ ಅಳೆಯುವ ಸೇರಿನೊಳಗೆ ಕೂರುವಷ್ಟು ಚಿಕ್ಕದು. ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ. ಅತ್ತೆ ನಿಜವಾಗಿಯೂ ಸೇರು ತಂದು, ಅದನ್ನು ಒಳಗೆ ನಿಲ್ಲಿಸಿ ನೋಡಿದರು.

"ಇಷ್ಟೇ ಇಷ್ಟು ಡಬ್ಬೀಲಿ ಆಳೆತ್ತರದ ಮನ್ಸ ಎಂಗಮ್ಮ ಇಡೀತಾನೆ?" ಎಂದು ಕೇಳಿದರು.

"ಹಿಡೀತಾನೆ ಅತ್ತೆ, ನಿಂತುಕೊಂಡೇ ಹಿಡೀತಾನೆ," ಎಂದೆ.

ನನ್ನ ಯಜಮಾನರು ಆಗ ಮಂಡ್ಯದಲ್ಲಿ ನಾಲೆ ಇಲಾಖೆಯ ಓವರ್‌ಸಿಯರ್. ಯುದ್ಧ ಬರುತ್ತದೆ ಎಂಬ ಸುದ್ದಿ ದಟ್ಟವಾದಾಗ ಅಲ್ಲಿದ್ದ ಒಬ್ಬ ಪರದೇಶದ ಎಂಜಿನಿಯರು ಮನೆಯ ಸಾಮಾನನ್ನೆಲ್ಲ ಮಾರಿ ಊರಿಗೆ ಹೊರಟ. ಇವರು ಒಂದು ಬರೆಯುವ ಮೇಜು ತರಲು ಹೋಗಿ ಕ್ಯಾಮೆರಾ ತಂದರು. ಜರ್ಮನಿಯಲ್ಲಿ ಮಾಡಿದ್ದು, ಕಪ್ಪು ಚರ್ಮದ ಅಂಗಿ, ಬೆಳ್ಳಿ ಬಣ್ಣದ ಗುಂಡಿಗಳು. ಜೊತೆಗೆ ಎರಡು ಮಸೂರ. ಒಂದು ಗಿಡ್ಡ, ಬಳಸದಿದ್ದಾಗ ಆಮೆಯ ತಲೆಯಂತೆ ಒಳಗೆ ಸರಿದುಕೊಳ್ಳುತ್ತಿತ್ತು. ಇನ್ನೊಂದು ಉದ್ದ, ನನ್ನ ಬೆರಳಿನಷ್ಟು. ಒಂದನ್ನು ತಿರುಗಿಸಿ ಬಿಚ್ಚಿ ಇನ್ನೊಂದನ್ನು ತಿರುಗಿಸಿ ಕೂರಿಸಬೇಕು. ನಾಲೆಯ ತೂಬು, ಸೇತುವೆಗಳ ಚಿತ್ರ ತೆಗೆಯಲು ಆಗುತ್ತದೆ ಎಂದು ಇವರ ಲೆಕ್ಕಾಚಾರ. ಆದರೆ ಒಂದು ಚಿತ್ರಕ್ಕೆ ಮುಂಚೆ ದೂರ, ಬೆಳಕು, ವೇಗ ಎಂದು ಮೂರು ಕಡೆ ಗುಂಡಿ ತಿರುಗಿಸಬೇಕು ಎಂದು ತಿಳಿದ ದಿನವೇ ಅವರ ಉತ್ಸಾಹ ಇಳಿಯಿತು. "ನೀನು ಕಾನ್ವೆಂಟಿನಲ್ಲಿ ಓದಿದವಳು, ಈ ಪುಸ್ತಕ ಓದಿಕೋ," ಎಂದು ಇಂಗ್ಲಿಷಿನ ಕಿರುಹೊತ್ತಗೆಯನ್ನು ನನ್ನ ಮಡಿಲಿಗೆ ಹಾಕಿದರು. ಕ್ಯಾಮೆರಾ ನನ್ನದಾದದ್ದು ಹಾಗೆ.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಹೆಣಿಗೆ, ಹೊಲಿಗೆ, ದುಂಡಗಿನ ಕೈಬರಹ, ಮತ್ತು ಯಾವುದೇ ಕೆಲಸವನ್ನು ಪುಸ್ತಕದಲ್ಲಿ ಹೇಳಿದ ಕ್ರಮದಲ್ಲೇ ಮಾಡುವುದು. ಕ್ಯಾಮೆರಾಕ್ಕೆ ಬೇಕಾದದ್ದು ಅಷ್ಟೇ. ಎರಡು ಮಸೂರಗಳಿಗೂ ಉಣ್ಣೆಯ ಚೀಲ ಹೆಣೆದೆ: ಗಿಡ್ಡಕ್ಕೆ ಕಂದು, ಉದ್ದಕ್ಕೆ ನೀಲಿ. ಅತ್ತೆ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಾಜ್ಗೂ ಚಳಿ ಆಯ್ತದಾ? ನನ್ ಮೊಮ್ಮಗೀಗೆ ಒಂದು ಕುಲಾವಿ ಎಣಿ ಅಂದ್ರೆ ಆರು ತಿಂಗ್ಳಾಯ್ತು, ಗಾಜ್ಗೆ ಎರಡು ದಿನಕ್ಕೇ ಅಂಗಿ ಬಂತು!"

ಮಸೂರ ಎಂಬ ಮಾತು ಅವರ ಬಾಯಲ್ಲಿ ಹೊರಳಲಿಲ್ಲ. ಗಿಡ್ಡದ್ದು ಹತ್ತಿರದ ಕಣ್ಣು, ಉದ್ದದ್ದು ದೂರದ ಕಣ್ಣು ಎಂದು ಅವರೇ ಹೆಸರಿಟ್ಟರು. ಕ್ರಮೇಣ ನಾವೆಲ್ಲರೂ ಹಾಗೇ ಕರೆಯತೊಡಗಿದೆವು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕ್ಯಾಮೆರಾದಲ್ಲಿ ನಾನು ನೋಡುವ ಕಿಂಡಿ ಬೇರೆ, ಕ್ಯಾಮೆರಾ ನೋಡುವ ಕಣ್ಣು ಬೇರೆ. ಕಿಂಡಿ ಮೇಲೆ, ಮಸೂರ ಕೆಳಗೆ. ಕಿಂಡಿಯಲ್ಲಿ ಎಲ್ಲ ಚೆನ್ನಾಗಿ ಕಂಡಿತೆಂದರೆ ಚಿತ್ರವೂ ಚೆನ್ನಾಗಿ ಬಂತು ಎಂದಲ್ಲ. ಇದನ್ನು ನಾನು ಮುತ್ತತ್ತಿಯಲ್ಲಿ ಕಲಿತೆ. ನಮ್ಮ ಕಡೆ ಮುತ್ತತ್ತಿರಾಯ ಎನ್ನುವ ಆಂಜನೇಯನ ದರ್ಶನ ಮುಗಿಸಿ, ಕಾವೇರಿಯ ಬಂಡೆಗಳ ಮೇಲೆ ಬುತ್ತಿ ಬಿಚ್ಚಿ, ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ಹನ್ನೆರಡು ಚಿತ್ರ ತೆಗೆದೆ. ಕಿಂಡಿಯಲ್ಲಿ ಅತ್ತೆಯ ಮೂಗುಬೊಟ್ಟಿನ ಹರಳು ಕೂಡ ಕಂಡಿತ್ತು. ತೊಳೆದು ಬಂದ ಚಿತ್ರಗಳಲ್ಲಿ ಮಾತ್ರ ಎಲ್ಲರೂ ಹೊಗೆಯಾಗಿ ಹೋಗಿದ್ದರು. ಗಿಡ್ಡ ಮಸೂರವನ್ನು ಆಮೆಯ ತಲೆಯಂತೆ ಹೊರಗೆಳೆಯುವುದನ್ನೇ ನಾನು ಮರೆತಿದ್ದೆ. ಅಂದಿನಿಂದ ನನಗೊಂದು ನೇಮವಾಯಿತು: ಎಳೆ, ತಿರುಗಿಸು, ಮುಚ್ಚಳ ತೆಗೆ, ಆಮೇಲೆ ಕಿಂಡಿ. ಬಾಯಲ್ಲಿ ಪಿಸುಗುಟ್ಟಿಕೊಂಡೇ ಮಾಡುತ್ತಿದ್ದೆ. ಅತ್ತೆ ಅದನ್ನು ಮಂತ್ರ ಎಂದುಕೊಂಡಿದ್ದರು.

ಅದರ ಮೇಲೆ ಎರಡು ವರ್ಷ ನನ್ನ ಒಂದು ಚಿತ್ರವೂ ಕೆಡಲಿಲ್ಲ. ಬೆಳಕು ಅಳೆಯುವ ಯಂತ್ರ ನನ್ನಲ್ಲಿರಲಿಲ್ಲ. ಅಂಗಳದಲ್ಲಿ ಹಗ್ಗದ ನೆರಳು ನೋಡುತ್ತಿದ್ದೆ. ನೆರಳಿನ ಅಂಚು ಗೆರೆ ಎಳೆದಂತಿದ್ದರೆ ಒಂದು ಲೆಕ್ಕ, ಹಿಂಜಿದ ಅರಳೆಯಂತಿದ್ದರೆ ಇನ್ನೊಂದು, ನೆರಳೇ ಇಲ್ಲದಿದ್ದರೆ ಮತ್ತೊಂದು. ಇವರು ವೈದ್ಯನಾಥಪುರದ ಗುಡಿಗೆ ಕರೆದುಕೊಂಡು ಹೋದಾಗ ಅಲ್ಲಿನ ಕಂಬಗಳ ನಡುವಿನ ಮಬ್ಬಿನಲ್ಲೂ ತೆಗೆದೆ, ಬಂತು. ಬೀದಿಯಲ್ಲಿ ಕಬ್ಬಿನ ಗಾಡಿಗಳು ಏಳಿಸುವ ಧೂಳಿನಲ್ಲಿ ಕಣ್ಣು ಬದಲಾಯಿಸಬೇಕಾದರೆ ಜಗಲಿಯ ಮೇಲೆ ಕೂತು, ಕ್ಯಾಮೆರಾವನ್ನು ಮಡಿಲಲ್ಲಿ ಬೋರಲು ಹಾಕಿ, ಸೆರಗು ಮುಚ್ಚಿ, ಒಳಗೇ ಕೈಯಾಡಿಸಿ ಬದಲಾಯಿಸುತ್ತಿದ್ದೆ. ಮಗುವಿಗೆ ಹಾಲು ಕೊಡುತ್ತಿದ್ದಾಳೆ ಎಂದುಕೊಂಡು ಗಂಡಸರು ಮುಖ ತಿರುಗಿಸಿ ಹೋಗುತ್ತಿದ್ದರು. ನನಗೆ ಅದರಿಂದ ಅನುಕೂಲವೇ ಆಯಿತು.

ಯುದ್ಧ ಶುರುವಾದ ಮೇಲೆ ಇವರಿಗೆ ಮಳವಳ್ಳಿಗೆ ವರ್ಗವಾಯಿತು. ರೀಲು ಸಿಗುವುದು ಕಷ್ಟವಾಯಿತು. ಇದ್ದ ಒಂದನ್ನು ನಾನು ಉಪ್ಪಿನಕಾಯಿಯಂತೆ ಬಳಸುತ್ತಿದ್ದೆ. ತೆಗೆದಷ್ಟು ತುಂಡನ್ನು ಮಾತ್ರ ಕತ್ತರಿಸಿ, ತವರದ ಡಬ್ಬಿಯಲ್ಲಿ ಹಾಕಿ ಮೈಸೂರಿಗೆ ಅಂಚೆಯಲ್ಲಿ ಕಳಿಸಿ, ಉಳಿದದ್ದನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿಕೊಳ್ಳುವುದು. ಕತ್ತರಿಸುವ ಕೆಲಸಕ್ಕೆ ಒಂದಿಷ್ಟೂ ಬೆಳಕು ಇರಬಾರದು. ಕಾಳು ತುಂಬಿಡುವ ಮಣ್ಣಿನ ವಾಡೆಗಳಿದ್ದ ಒಳಕೋಣೆಯ ಬಾಗಿಲು ಹಾಕಿ, ಎರಡು ಕಂಬಳಿ ಹೊದ್ದು, ನಡುಹಗಲಲ್ಲಿ ಬೆವರುತ್ತ ಬೆರಳಿನ ಅಂದಾಜಿನಲ್ಲೇ ಕತ್ತರಿ ಆಡಿಸುತ್ತಿದ್ದೆ. ಹೊರಗಿನಿಂದ ಅತ್ತೆ, "ಬದುಕಿದ್ದೀಯಾ ಮಗ?" ಎಂದು ಕೇಳುತ್ತಿದ್ದರು.

ಮಳವಳ್ಳಿಯಲ್ಲಿ ನಮ್ಮ ಎದುರುಮನೆ ಒಬ್ಬ ಗೌಡರದು. ಗದ್ದೆ, ಕಬ್ಬು, ನಾಲ್ಕು ಜೊತೆ ಎತ್ತು ಇದ್ದ ಮನೆ. ಗೌಡರ ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಹತ್ತೊಂಬತ್ತು ವರ್ಷದ ಮಗಳು. ಹದಿನಾರಕ್ಕೆ ಮದುವೆಯಾಗಿ, ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ನನ್ನ ಎರಡನೆಯ ಮಗು ಹುಟ್ಟಿದ ಮಧ್ಯಾಹ್ನ, ಮಂಡ್ಯದಿಂದ ಬರಬೇಕಿದ್ದ ಸೂಲಗಿತ್ತಿಯಮ್ಮನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಾಗ, ಅತ್ತೆಯ ಜೊತೆ ನಿಂತು ನನ್ನನ್ನು ಹಿಡಿದುಕೊಂಡದ್ದು ಈ ಹುಡುಗಿ. ಅವಳ ಕೈ ಒಮ್ಮೆಯೂ ನಡುಗಲಿಲ್ಲ. ನೋವಿನ ನಡುವೆಯೂ ನಾನು ಅದನ್ನು ಗಮನಿಸಿದೆ. ಆಮೇಲೆ, "ನೀನು ನರ್ಸ್ ಆಗಬೇಕಿತ್ತು ಕಣೇ," ಎಂದೆ. ಸುಮ್ಮನೆ ಅಂದ ಮಾತು. ಅವಳು ಅದನ್ನು ಬಿಡಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ನಾನೇ ಅರ್ಜಿ ತರಿಸಿದೆ. ದೀಪಾವಳಿಯ ಹಿಂದಿನ ದಿನದೊಳಗೆ ಮುಟ್ಟಬೇಕು, ಮುಖ ಸ್ಪಷ್ಟವಾಗಿ ಕಾಣುವ ಎರಡು ಫೋಟೋ ಅಂಟಿಸಿರಬೇಕು, ತಂದೆಯ ರುಜು ಇರಬೇಕು. ಗೌಡರು ಒಂದು ವಾರ ಯೋಚಿಸಿದರು. ಮದ್ದೂರಿನ ಕಡೆಯ ಒಬ್ಬ ವಿಧುರ, ಎರಡು ಮಕ್ಕಳ ತಂದೆ, ಈ ಹುಡುಗಿಯನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಎಂದು, ಎಂದರೆ ಸೀರೆ ಉಡಿಸಿ ಎರಡನೆಯ ಮದುವೆ ಮಾಡಿಕೊಳ್ಳುತ್ತೇನೆ ಎಂದು, ಹೇಳಿಕಳಿಸಿದ್ದ. ಅವನಿಗೂ ದೀಪಾವಳಿಯೊಳಗೆ ಉತ್ತರ ಕೊಡಬೇಕಿತ್ತು. ಕೊನೆಗೆ ಗೌಡರು ನಮ್ಮ ಜಗಲಿಗೆ ಬಂದು ಕೂತರು.

"ರುಜು ಆಕ್ತೀನಿ ಕಣಮ್ಮ. ಆದ್ರೆ ಅಂಗ್ಡಿ ಫೋಟೋದೋನ ಮುಂದೆ ನನ್ ಮಗಳು ಕೂರಾಕಿಲ್ಲ. ಗದ್ದ ಮೇಲೆತ್ತು ಅಂತ ಮುಟ್ತಾನಂತೆ ಅವ್ನು. ನೀನು ಎಣ್ಣುಮಗಳು, ನೀನೇ ತೆಗ್ದ್ರೆ ಸರಿ. ಇಲ್ದಿದ್ರೆ ಆ ಮದ್ದೂರೋರ್‌ಗೆ ಊಂ ಅಂದ್‌ಬುಡ್ತೀನಿ."

"ನಾನೇ ತೆಗೀತೀನಿ ಗೌಡರೇ," ಎಂದೆ. ಅಳುಕಲಿಲ್ಲ. ಎರಡು ವರ್ಷ ಒಂದೂ ಕೆಟ್ಟಿರಲಿಲ್ಲವಲ್ಲ.

ನಡುವೆ ದಸರೆ ಬಂತು. ಆಯುಧಪೂಜೆಯ ದಿನ ಅತ್ತೆ ನಡುಮನೆಯಲ್ಲಿ ಜಮಖಾನ ಹಾಸಿ, ಮನೆಯಲ್ಲಿ ದುಡಿಯುವ ಸಾಮಾನನ್ನೆಲ್ಲ ಜೋಡಿಸುತ್ತಿದ್ದರು. ಗುದ್ದಲಿ, ಕುಡುಗೋಲು, ಈಳಿಗೆಮಣೆ, ಸೇರು, ಪಾವು, ಇವರ ಸೈಕಲ್ಲು, ನೆಲ ಅಳೆಯುವ ದುರ್ಬೀನು, ನನ್ನ ಹೊಲಿಗೆ ಮಿಷನ್ನು, ಹೆಣಿಗೆಯ ಕಡ್ಡಿಗಳು. "ನಿನ್ ಡಬ್ಬೀನೂ ತಾ ಮಗ, ಅದೂ ದುಡಿಯಾಕಿಲ್ವಾ?" ಎಂದರು. ಕ್ಯಾಮೆರಾವನ್ನೂ ಎರಡು ಉಣ್ಣೆ ಚೀಲಗಳನ್ನೂ ಅವರ ಕೈಗೆ ಕೊಟ್ಟು, ನಾನು ಒಲೆಯ ಮುಂದೆ ಹೋಳಿಗೆ ತಟ್ಟಲು ಹೋದೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಎತ್ತಿಕೊಂಡಾಗ ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಕುಂಕುಮದ ಬೊಟ್ಟು, ಒಂದು ಚೆಂಡುಹೂವಿನ ಎಸಳು ಇತ್ತು. ಒರೆಸಿ ಎತ್ತಿಟ್ಟೆ.

ಎರಡು ದಿನ ಬಿಟ್ಟು ಹುಡುಗಿ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡಿದ್ದಳು. ಇಸ್ತ್ರಿಯಿಲ್ಲದ ಬಿಳಿ ರವಿಕೆಯನ್ನು ದಿಂಬಿನ ಕೆಳಗಿಟ್ಟು ಮಡಿಕೆ ಮಾಡಿದ್ದು ಗೊತ್ತಾಗುತ್ತಿತ್ತು. ತೋಳಿನ ಮೇಲೆ ದಿಂಬಿನ ಕಸೂತಿಯ ಅಚ್ಚು ಮೂಡಿತ್ತು. ಹಿತ್ತಿಲ ಗೋಡೆಯ ನೆರಳಿನಲ್ಲಿ ಸ್ಟೂಲು ಹಾಕಿದೆ. ಬರಿಯ ಮುಖ ಬೇಕಾದರೆ ದೂರದ ಕಣ್ಣೇ ಸರಿ; ಹತ್ತಿರದ್ದರಲ್ಲಿ ಮೂಗು ದಪ್ಪ ಬರುತ್ತದೆ. ಸೆರಗಿನೊಳಗೆ ಕಣ್ಣು ಬದಲಾಯಿಸಿ ಅವಳೆದುರು ನಿಂತೆ.

"ಅಕ್ಕಾ, ನಗ್ಬೇಕಾ, ಬ್ಯಾಡ್ವಾ?"

"ಎರಡೂ ಬೇಡ. ನನ್ನ ಹಿಂದಿರೋ ಸೀಬೆ ಮರದಲ್ಲಿ ಎಷ್ಟು ಕಾಯಿದೆ ಎಣಿಸು."

"ಅಣೆ ಬರಿದಾಗಿ ಕಾಣ್ತದಲ್ವಾ ಅಕ್ಕ?" ಎಂದಳು, ಎಣಿಸುವುದನ್ನು ನಿಲ್ಲಿಸಿ.

"ಆಸ್ಪತ್ರೆಯವರಿಗೆ ಬೇಕಾಗಿರೋದು ನಿನ್ನ ಹಣೆ ಅಲ್ಲ. ಎಣಿಸು."

ಮುಚ್ಚಳ ತೆಗೆದು ಕಿಂಡಿಗೆ ಕಣ್ಣಿಟ್ಟೆ. ಆ ಕ್ಯಾಮೆರಾದ ಕಿಂಡಿಯಲ್ಲಿ ಮೊದಲು ಒಬ್ಬರು ಇಬ್ಬರಾಗಿ ಕಾಣುತ್ತಾರೆ. ಉಂಗುರ ತಿರುಗಿಸುತ್ತ ಹೋದರೆ ಇಬ್ಬರೂ ಹತ್ತಿರ ಬಂದು ಒಬ್ಬರೊಳಗೊಬ್ಬರು ಸೇರಿಕೊಳ್ಳುತ್ತಾರೆ; ದೂರ ಸರಿಯಾಯಿತು ಎಂದರ್ಥ. ಇಬ್ಬರು ಹುಡುಗಿಯರು ಒಬ್ಬಳಾದರು. ಐದು ಚಿತ್ರ ತೆಗೆದೆ. ಪ್ರತಿ ಸಲವೂ ಚಿಟಿಕೆ ಹೊಡೆದಷ್ಟೇ ಸದ್ದು. ಅವಳು ನನ್ನ ಕ್ಯಾಮೆರಾವನ್ನೇ ನೋಡುತ್ತಿದ್ದಳು, ಏನೋ ಸಮಾಧಾನವಾದವಳ ಹಾಗೆ. ಮುಚ್ಚಳ ಹಾಕಿದೆ. ಆ ಮಧ್ಯಾಹ್ನವೇ ಕಂಬಳಿಯೊಳಗೆ ಕೂತು ತುಂಡು ಕತ್ತರಿಸಿ ಅಂಚೆಗೆ ಹಾಕಿದೆ.

ಎಂಟು ದಿನದಲ್ಲಿ ಬರಬೇಕಿದ್ದ ಲಕೋಟೆ ಹದಿಮೂರು ದಿನಕ್ಕೆ ಬಂತು. ಅರ್ಜಿ ಮುಟ್ಟಲು ಇನ್ನು ನಾಲ್ಕು ದಿನ ಉಳಿದಿತ್ತು. ಅಂಚೆಯವನು ಬಂದದ್ದನ್ನು ಎದುರುಜಗಲಿಯಿಂದ ನೋಡಿದ ಗೌಡರು ಮಗಳನ್ನೂ ಕರೆದುಕೊಂಡು ಬಂದೇಬಿಟ್ಟರು. ಎಲ್ಲರ ಮುಂದೆಯೇ ಬಿಚ್ಚಿದೆ.

ಮೊದಲನೆಯದರಲ್ಲಿ ಒಂದು ಮುಖವಿತ್ತು ಎಂದು ಹೇಳಬಹುದು, ಅಷ್ಟೇ. ಹಾಲಿನ ಹಿಂದೆ ನಿಂತ ಮುಖ. ಕಣ್ಣುಗಳಿದ್ದ ಕಡೆ ಎರಡು ಬೂದು ಗುಂಡಿ. ಮೂಗೂ ಇಲ್ಲ, ಬಾಯಿಯ ಗೆರೆಯೂ ಇಲ್ಲ. ಎರಡನೆಯದೂ ಹಾಗೇ. ಐದೂ ಹಾಗೇ.

"ಮುಖವೇ ಬಂದಿಲ್ಲ," ಎಂದುಬಿಟ್ಟೆ. ಎಳೆ, ತಿರುಗಿಸು, ಮುಚ್ಚಳ, ಕಿಂಡಿ: ಒಂದೊಂದಾಗಿ ನೆನಪಿಸಿಕೊಂಡೆ. ಯಾವುದನ್ನೂ ಮರೆತಿರಲಿಲ್ಲ.

ಗೌಡರು ಒಂದು ಚಿತ್ರವನ್ನು ಕೈಯಲ್ಲಿ ಹಿಡಿದು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಜಗಲಿಯ ಮೇಲಿಟ್ಟರು. ಅವರಿಗೆ ಕೋಪ ಬಂದಿರಲಿಲ್ಲ. ಕೋಪ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬುಡಮ್ಮ. ನಿನ್ ತಪ್ಪಲ್ಲ. ಮುತ್ತತ್ತಿರಾಯ ಬ್ಯಾಡ ಅಂತವ್ನೆ. ಕಾಣಂಗೆ ಯೋಳವ್ನೆ, ಇನ್ನೇನು ಕೂಗಿ ಯೋಳ್ಬೇಕಾ? ನಾಳೆ ಮದ್ದೂರ್‌ಗೆ ಓಗಿ ಮಾತು ಕೊಟ್ಬುಟ್ ಬತ್ತೀನಿ."

ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

"ಒಂದು ನಿಮಿಷ ಇರಿ," ಎಂದು ನಾನು ಒಳಗೆ ಹೋದೆ. ನೀಲಿ ಚೀಲದಿಂದ ದೂರದ ಕಣ್ಣನ್ನು ತೆಗೆದು, ಮುಚ್ಚಳ ಬಿಚ್ಚಿ, ಮೊದಲ ಬಾರಿಗೆ ಅದನ್ನು ಎದುರಿನಿಂದ ನೋಡಿದೆ.

ಗಾಜಿನ ಮೇಲೆ ಅಡ್ಡಲಾಗಿ ಮೂರು ವಿಭೂತಿಯ ಪಟ್ಟೆ. ಅದರ ನಟ್ಟನಡುವೆ, ಗಂಧದಲ್ಲಿ ಕಲಸಿದ ಕುಂಕುಮದ ಒಂದು ದುಂಡು ಬೊಟ್ಟು. ಒಣಗಿ, ಬೇಸಿಗೆಯ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಅಂಚಿನಲ್ಲಿ ಉಳಿದ ಚೂರು ಗಾಜಿನಿಂದ ಪಾಪ ಅದು ಎಷ್ಟು ಸಾಧ್ಯವೋ ಅಷ್ಟು ನೋಡಿತ್ತು.

ಅದನ್ನು ಹಾಗೆಯೇ ಅಂಗೈಯಲ್ಲಿಟ್ಟುಕೊಂಡು ಜಗಲಿಗೆ ತಂದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತಿದರು.

"ಅದಾ? ಅದು ನಾನಿಟ್ಟಿದ್ದು," ಎಂದರು, ಏನೂ ಆಗದವರಂತೆ. "ಆಯುಧಪೂಜೆ ದಿನ. ಯಾಕೆ, ಅಳಿಸೋಗಿಲ್ವಲ್ಲಾ?"

"ಮುಚ್ಚಳ ಹಾಕಿತ್ತಲ್ಲ ಅತ್ತೆ?"

"ತೆಗ್ದೆ. ಮುಚ್ಳುಕ್ಕೆ ಪೂಜೆ ಮಾಡಿದ್ರೆ ಕಣ್ಗೆ ಎಂಗಮ್ಮ ಮುಟ್ತದೆ? ಮಾಡಿ, ಮತ್ತೆ ಜ್ವಾಪಾನವಾಗಿ ಮುಚ್ಚಿ, ಅದರ ಅಂಗಿ ಒಳ್ಗೇ ಇಟ್ಟೆ. ಅತ್ರದ ಕಣ್ಣು ಒಳಕ್ಕೆ ಒಂಟೋಗಿತ್ತು, ಅದಕ್ಕೆ ಡಬ್ಬಿ ನೆತ್ತಿ ಮೇಲೇ ಇಟ್ಟೆ."

ಆಗ ಹುಡುಗಿ ಮೆಲ್ಲಗೆ, "ನಾನು ನೋಡ್ದೆ ಅಕ್ಕ, ಅವತ್ತೇ," ಎಂದಳು.

"ನೋಡಿದೆಯಾ? ಹೇಳಬಾರದಿತ್ತಾ?"

"ಪೂಜೆ ಮಾಡವ್ರೆ, ಒಳ್ಳೇದಾಯ್ತು ಅಂದ್ಕಂಡೆ. ಅದನ್ನ ನೋಡಿ ನಂಗೆ ಧೈರ್ಯ ಬಂತು."

ನಾನು ನಕ್ಕುಬಿಟ್ಟೆ. ಕ್ಯಾಮೆರಾ ಹಿಡಿದವಳು ಯಾವಾಗಲೂ ಅದರ ಹಿಂದೆಯೇ ಇರುತ್ತಾಳೆ. ಎದುರಿಗಿದ್ದವಳು ಕಂಡಳು, ಕಂಡದ್ದನ್ನು ಶುಭ ಎಂದುಕೊಂಡು ಸುಮ್ಮನಾದಳು. ನನ್ನ ನೇಮದಲ್ಲಿ ಒಂದು ಮಾತು ಕಡಿಮೆಯಿತ್ತು: ಎದುರಿನಿಂದ ನೋಡು.

ಅತ್ತೆಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊರ ಪಕ್ಕಕ್ಕೆ ಸರಿಸಿ, ಎದ್ದು, ಮೆಟ್ಟಿಲಿಳಿಯುತ್ತಿದ್ದ ಗೌಡರನ್ನು ತಡೆದರು.

"ಏಯ್, ನಿಂತ್ಕೊ ಕಣಪ್ಪ. ಮುತ್ತತ್ತಿರಾಯ ಬ್ಯಾಡ ಅಂದ ಅಂದ್ಯಲ್ಲ? ಅದು ರಾಯ ಅಲ್ಲ, ನಾನು. ಈ ಎಬ್ಬೆಟ್ಟು. ನನ್ನೇ ದೇವ್ರು ಅಂತೀಯಾ? ಅಂಗಾದ್ರೆ ಕಾಯಿ ಒಡಿ ಬಾ, ನನ್ ಮುಂದೆ."

ಗೌಡರು ತಬ್ಬಿಬ್ಬಾದರು. "ಅದೆಂಗಮ್ಮ... ಪೂಜೆ ಮಾಡಿದ್ ಕುಂಕ್ಮ..."

"ಕುಂಕ್ಮ ದೇವ್ರುದು. ಇಟ್ಟ ಜಾಗ ನಂದು. ಕುರುಡು ಮುದುಕಿ ಮಾಡಿದ್ ಕೆಲ್ಸಕ್ಕೆ ಆ ಮಗೀನ್ ಎರಡು ಮಕ್ಕಳ ಅಪ್ಪಂಗೆ ಕೊಟ್ಬುಡ್ತೀಯಾ? ಎಷ್ಟು ರೀಲದೆ ಮಗ ನಿನ್ನತ್ರ?"

ಕ್ಯಾಮೆರಾದಲ್ಲಿ ಆರು ಚಿತ್ರಕ್ಕಾಗುವಷ್ಟು ಉಳಿದಿತ್ತು. ಹೇಳಿದೆ.

"ಆರು ಸಾಕು. ಈಗ್ಲೇ ತೆಗಿ."

ಕಣ್ಣು ತೊಳೆಯುವುದೇ ಮೊದಲ ಕೆಲಸ. ಒಣಗಿದ ವಿಭೂತಿಯನ್ನು ಉಜ್ಜಿದರೆ ಗಾಜು ಗೀಚಿಹೋಗುತ್ತದೆ. ಕಾಯಿಸಿ ಆರಿಸಿದ ನೀರಿನಲ್ಲಿ ದೀಪದ ಬತ್ತಿಗೆಂದು ಹೊಸೆದಿಟ್ಟ ಹತ್ತಿ ಅದ್ದಿ, ಒತ್ತಿ, ನೆನೆಸಿ, ಎತ್ತಿ, ಹೊಸ ಹತ್ತಿ ತೆಗೆದುಕೊಂಡು ಮತ್ತೆ ಒತ್ತಿ. ಹುಡುಗಿ ನನ್ನ ಪಕ್ಕದಲ್ಲಿ ಕೂತು ಒಂದೊಂದೇ ಹತ್ತಿ ಕೊಡುತ್ತಿದ್ದಳು. ನಾನು ಕೈಚಾಚುವ ಮೊದಲೇ ಹತ್ತಿ ಕೈಯಲ್ಲಿರುತ್ತಿತ್ತು. ಕೊನೆಗೆ ಕೆಂಪಾದ ಒಂದು ಚೂರನ್ನು ಅವಳು ಬಿಸಾಡಲು ತೆಗೆದುಕೊಂಡವಳು ತಕ್ಷಣ ಬಿಸಾಡಲಿಲ್ಲ. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ನಾನು ನೋಡದವಳಂತೆ ಮಲ್ಮಲ್ ಬಟ್ಟೆಯಲ್ಲಿ ಗಾಜು ಒರೆಸಿದೆ. ಅಂಚಿನಲ್ಲಿ ಒಂದು ಕೂದಲೆಳೆಯ ಗೀರು ಉಳಿಯಿತು. ಇಂದಿಗೂ ಇದೆ.

ಹೊತ್ತು ನೆತ್ತಿಗೆ ಬಂದಿತ್ತು. ಹಗ್ಗದ ನೆರಳು ಕತ್ತಿಯ ಅಲಗಿನಂತಿತ್ತು. ಬಿಸಿಲಲ್ಲಿ ಕೂರಿಸಿದರೆ ಕಣ್ಣಿನ ಕುಳಿ ಕಪ್ಪಾಗುತ್ತದೆ, ನೆರಳಲ್ಲಿ ಕೂರಿಸಿದರೆ ಬೆಳಕು ಸಾಲದು. ಹಿತ್ತಿಲ ಬಾಗಿಲ ಹೊಸ್ತಿಲೊಳಗೆ ಅವಳನ್ನು ಕೂರಿಸಿ, ಹೊರಗೆ ಬಿಸಿಲಲ್ಲಿ ಇವರ ಒಗೆದ ಬಿಳಿ ಪಂಚೆಯನ್ನು ಹರಡಿ ಹಿಡಿಯಲು ಹೇಳಿದೆ. ಪಂಚೆಗೆ ಬಿದ್ದ ಬಿಸಿಲು ಮೆದುವಾಗಿ ತಿರುಗಿ ಮುಖಕ್ಕೆ ಬರುತ್ತದೆ. ಅತ್ತೆ ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ಜನ ಬೇಕಿತ್ತು.

"ನೀನೂ ಇಡ್ಕೊ ಬಾ," ಎಂದು ಗೌಡರನ್ನು ಕರೆದರು. "ರಾಯಂಗೆ ನಿಜ್ವಾಗ್ಲೂ ಬ್ಯಾಡಾಂದ್ರೆ ಪಂಚೆ ಆರೋಯ್ತದೆ. ನೋಡೇಬುಡ್ವ."

ಗೌಡರು ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಬಂದು ಇನ್ನೊಂದು ತುದಿ ಹಿಡಿದರು.

ಕ್ಯಾಮೆರಾವನ್ನು ತಿರುಗಿಸಿ ದೂರದ ಕಣ್ಣನ್ನು ಎದುರಿನಿಂದ ನೋಡಿದೆ. ಗಾಜಿನೊಳಗೆ ಸೀಬೆ ಮರ ತಲೆಕೆಳಗಾಗಿ, ಕಾಸಿನಗಲ ಆಕಾಶ. ಆಮೇಲೆ ಕಿಂಡಿ. ಇಬ್ಬರು ಹುಡುಗಿಯರು ಒಬ್ಬಳಾದರು. ಬೆಳಕು ಅವಳ ಗಲ್ಲದ ಕೆಳಗಿನಿಂದ ಎದ್ದು ಮುಖವೆಲ್ಲ ಹರಡಿತ್ತು. ಎಣ್ಣೆ ಹಚ್ಚಿದ ಕೂದಲಿನ ಬೈತಲೆ ಕೂಡ ಕಾಣುತ್ತಿತ್ತು.

"ಅಪ್ಪಯ್ಯನ ಕೈ ನಡುಗ್ತಾ ಅದೆ, ಅಕ್ಕ," ಎಂದಳು, ತುಟಿ ಅಲುಗಿಸದೆ.

"ನಿಂದು ನಡುಗ್ತಿಲ್ಲವಲ್ಲ. ಹಾಗೇ ಇರು."

ಆರೂ ತೆಗೆದೆ. ಪಂಚೆ ಹಾರಲಿಲ್ಲ. ಗಾಳಿಯೇ ಇರಲಿಲ್ಲ ಎಂಬುದು ಬೇರೆ ಮಾತು. ಅದನ್ನು ಯಾರೂ ಎತ್ತಲಿಲ್ಲ.

ಈ ಸಲ ಅಂಚೆಯನ್ನು ನಂಬುವಂತಿರಲಿಲ್ಲ. ಸಂಜೆ ಯಜಮಾನರು ನಾಲೆಯಿಂದ ಬಂದು ಸೈಕಲ್ಲು ಒರಗಿಸುವುದರೊಳಗೆ ಅತ್ತೆ ಎದುರು ನಿಂತರು. "ನಾಳೆ ಮೈಸೂರ್‌ಗೆ ಓಗಿ ಬಾ ಕಣ್ಲಾ. ಈ ಡಬ್ಬಿ ತೊಳ್ಸಿ, ಪಟ ಮಾಡ್ಸಿ, ಅರ್ಜಿಗೆ ಅಂಟ್ಸಿ, ಆಸ್ಪತ್ರೇಲಿ ಕೈಯಾರೆ ಕೊಟ್ಟು ಬಾ."

"ಅವ್ವಾ, ನಾಳೆ ತೂಬಿನ ಇನ್‌ಸ್ಪೆಕ್ಷನ್ನು..."

"ತೂಬು ಎಲ್ಗೂ ಓಡೋಗಾಕಿಲ್ಲ ಬುಡು."

ಗೌಡರು ಅರ್ಜಿಯಲ್ಲಿ ನಾನು ತೋರಿಸಿದ ಗೆರೆಯ ಮೇಲೆ, ಒಂದೊಂದು ಅಕ್ಷರಕ್ಕೂ ನಾಲಿಗೆ ಕಚ್ಚಿಕೊಂಡು ರುಜು ಹಾಕಿದರು. ಪೆಟ್ರೋಲು ಇಲ್ಲದೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸಿನಲ್ಲಿ ಇವರು ಮದ್ದೂರಿಗೆ ಹೋಗಿ, ಅಲ್ಲಿಂದ ರೈಲು ಹಿಡಿದರು. ಮೂರನೆಯ ದಿನ ಹಿಂದಿರುಗಿದಾಗ ಅಂಗಿಯ ಕಾಲರಿನೊಳಗೆಲ್ಲ ಇದ್ದಿಲ ಮಸಿ.

"ಕೊಟ್ಟೆ. ರಸೀತಿನೂ ತಂದೆ. ಆಫೀಸಿನಮ್ಮ ಫೋಟೋ ನೋಡಿ, ಯಾವ ಸ್ಟುಡಿಯೋದ್ದು ಅಂತ ಕೇಳಿದಳು," ಎಂದರು.

"ಏನು ಹೇಳಿದಿರಿ?"

"ಮನೇದು ಅಂದೆ."

ಕಾಗದದ ಅಭಾವವಿದ್ದುದರಿಂದ ಅಂಗಡಿಯವರು ಎರಡೇ ಪ್ರತಿ ಹಾಕಿಕೊಟ್ಟಿದ್ದರು. ಎರಡೂ ಅರ್ಜಿಯ ಜೊತೆ ಹೋಗಿದ್ದವು. ನನಗೆ ಸಿಕ್ಕಿದ್ದು ಆರು ಚಿತ್ರದ ನೆಗೆಟಿವ್ ಪಟ್ಟಿ ಮಾತ್ರ. ಕಿಟಕಿಗೆ ಹಿಡಿದು ನೋಡಿದೆ. ರೆಪ್ಪೆಗಳನ್ನು ಎಣಿಸಬಹುದಾಗಿತ್ತು.

ದೀಪಾವಳಿಗೆ ಗೌಡರು ಮದ್ದೂರಿಗೆ ಹೋಗಲಿಲ್ಲ. ಉತ್ತರ ಬರುವವರೆಗೆ ಕಾಯುತ್ತೇನೆ ಎಂದು ಹೇಳಿಕಳಿಸಿದರಂತೆ. ಆ ವಿಧುರ ಕಾಯಲಿಲ್ಲ, ಬೇರೆ ಕಡೆ ನೋಡಿಕೊಂಡ. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಆಸ್ಪತ್ರೆಯ ಕಾಗದ ಬಂತು. ಹುಡುಗಿ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು, ಆಮೇಲೆ ತಾನೇ ಒಂದು ಸಲ ಓದಿದಳು. ಹೊರಡುವ ಬೆಳಿಗ್ಗೆ ಅವಳ ಹತ್ತಿರ ಒಂದು ತಗಡಿನ ಟ್ರಂಕು, ಅತ್ತೆ ಕೊಟ್ಟ ಚಕ್ಕುಲಿ ಡಬ್ಬ, ನಾನು ಹೆಣೆದ ಒಂದು ಜೊತೆ ಕಾಲುಚೀಲ ಇತ್ತು. ಬಸ್ಸಿನ ಒಲೆಗೆ ಇದ್ದಿಲು ತುಂಬಿ ಊದುವಷ್ಟು ಹೊತ್ತು ಅತ್ತೆ ಅವಳಿಗೆ ಏನೇನೋ ಹೇಳುತ್ತಲೇ ಇದ್ದರು. ಗೌಡರು ಮಾತ್ರ ದೂರದಲ್ಲಿ, ಬಸ್ಸಿನ ಚಕ್ರ ನೋಡುತ್ತ ನಿಂತಿದ್ದರು. ರೀಲು ಇರಲಿಲ್ಲ, ನನ್ನ ಕೈಗೆ ಏನೂ ಕೆಲಸವಿರಲಿಲ್ಲ.

ಮಾರನೆಯ ದಿನ ಗೌಡರು ನಮ್ಮ ಜಗಲಿಗೆ ಬಂದರು. ಕಬ್ಬಿನ ಮಾತಾಡಿದರು, ನಾಲೆಯಲ್ಲಿ ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿದರು, ಎಲೆಯಡಿಕೆ ಹಾಕಿಕೊಂಡರು. ಎದ್ದು ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿದರು.

"ಅಮ್ಮ... ಆ ಪಟ ಒಂದು ಮಿಕ್ಕದಾ?"

"ಎರಡೂ ಮೈಸೂರಿಗೆ ಹೋಯ್ತಲ್ಲ ಗೌಡರೇ. ಕಾಗದ ಸಿಕ್ಕಿದಾಗ ಇನ್ನೊಂದು ಮಾಡಿಸಿ ಕೊಡ್ತೀನಿ," ಎಂದು ನೆಗೆಟಿವ್ ಪಟ್ಟಿ ತಂದು ಬೆಳಕಿಗೆ ಹಿಡಿದು ತೋರಿಸಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಇದ್ಯಾಕೆ ಇಷ್ಟು ಕರ್ರಗವ್ಳೆ? ಕೂದ್ಲು ಬೆಳ್ಗಾಗದೆ. ಮುದ್ಕಿ ಮಾಡ್ಬುಟ್ಯಲ್ಲಮ್ಮ ನನ್ ಮಗಳ್ನ. ಇದು ಬ್ಯಾಡ. ಮೊದ್ಲು ಬಂದಿತ್ತಲ್ಲ, ಅದಿಲ್ವಾ?"

ಆ ಐದನ್ನು ನಾನು ಬಿಸಾಡಿರಲಿಲ್ಲ. ಅರ್ಜಿ ಬಂದ ಲಕೋಟೆಯಲ್ಲೇ ಇಟ್ಟಿದ್ದೆ. ತಂದುಕೊಟ್ಟೆ. "ಇದರಲ್ಲಿ ಮುಖವೇ ಕಾಣೋದಿಲ್ಲವಲ್ಲ ಗೌಡರೇ," ಎಂದೆ, ಸಂಕೋಚದಿಂದ.

ಅವರು ಐದರಲ್ಲಿ ಒಂದನ್ನು ಆರಿಸಿಕೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು. ಆಗ ಬೆಳಕಿನಲ್ಲಿ ಅವರ ಕಣ್ಣನ್ನು ನಾನು ಎದುರಿನಿಂದ ನೋಡಿದೆ. ಎರಡು ಕಣ್ಣಿನ ಪಾಪೆಯ ಮೇಲೂ ಹಾಲಿನ ಕೆನೆಯಂಥ ಪೊರೆ.

"ನನ್ ಕಣ್ಗೆ ಎಲ್ಲಾ ಇಂಗೇ ಕಾಣೋದು ಬುಡಮ್ಮ," ಎಂದರು. "ಇವ್ಳು ನನ್ ಮಗಳೇ."

ಚಿತ್ರವನ್ನು ಟವಲಿನ ಮಡಿಕೆಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿ ದಾಟಿದರು. ಅತ್ತೆ ಅವರು ಮನೆ ಸೇರುವವರೆಗೂ ನೋಡುತ್ತಿದ್ದು, ಆಮೇಲೆ ತಮ್ಮ ಹೆಬ್ಬೆರಳನ್ನು ಒಂದು ಸಲ ತಿರುಗಿಸಿ ನೋಡಿಕೊಂಡು, ಮೊರ ಎಳೆದುಕೊಂಡರು.